ಫೆಲ್ಟಿನ ಬಂಗಡೆಗೂ ಹೊಟ್ಟೆ ಸೀಳಬೇಕು

ಮಕ್ಕಳ ಆಟಕ್ಕೆ ಫೆಲ್ಟ್ ಬಟ್ಟೆಯಲ್ಲಿ ಬಂಗಡೆ ಮೀನು ಹೊಲಿಯೋಣ ಎಂದು ಇಂಟರ್ನೆಟ್ಟಿನಲ್ಲಿ ಅದರ ಇಂಗ್ಲಿಷ್ ಹೆಸರು ‘ಮ್ಯಾಕರಲ್’ ಹುಡುಕಿದರೆ, ಬೆನ್ನ ಮೇಲೆ ಹುಲಿಪಟ್ಟೆಯಂಥ ಅಡ್ಡಗೆರೆಗಳಿರುವ ನಮೂನೆಗಳೇ ಹೆಚ್ಚಾಗಿ ಸಿಗುತ್ತವೆ. ಅದು ಅಟ್ಲಾಂಟಿಕ್ ಸಮುದ್ರದ ಮೀನು. ಕಾರವಾರದ ಮೀನುಪೇಟೆಗೆ ಬರುವ ಬಂಗಡೆಯ ಗೆರೆಗಳು ತಲೆಯಿಂದ ಬಾಲದ ಕಡೆಗೆ ಉದ್ದಕ್ಕೆ ಹರಿಯುತ್ತವೆ. ಎದೆಯ ರೆಕ್ಕೆಯ ಕೆಳ ಅಂಚಿನ ಹತ್ತಿರ ಮೈಮೇಲೆ ಒಂದು ಕಪ್ಪು ಚುಕ್ಕೆ ಇರುತ್ತದೆ. ಬಾಲದ ಬುಡ ಹತ್ತಿರವಾದಂತೆ ಮೇಲೆ ಐದು, ಕೆಳಗೆ ಐದು ಪುಟ್ಟ ರೆಕ್ಕೆಚೂರುಗಳು ಕಾಣುತ್ತವೆ. ವಾರದಲ್ಲಿ ನಾಲ್ಕು ದಿನ ಅಡುಗೆಮನೆಯಲ್ಲಿ ಬಂಗಡೆ ನೋಡುವ ಮಗುವಿಗೆ ಅಡ್ಡಪಟ್ಟೆಯ ಮೀನು ಕೊಟ್ಟರೆ, ಅದು ‘ಮೀನು’ ಅನ್ನುತ್ತದೆಯೇ ಹೊರತು ‘ಬಂಗಡೆ’ ಅನ್ನುವುದಿಲ್ಲ.

ಆದರೆ ಗೆರೆ ಸರಿ ಮಾಡಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಅಡುಗೆಯಾಟ ನಡೆಯುವುದೆಲ್ಲ ಕೈಯ ಕೆಲಸದಲ್ಲಿ. ಕರಟದಲ್ಲಿ ಮಣ್ಣು ಕಲಸಿ ಪಾಯಸ ಮಾಡುವ ಮಗುವಿಗೆ ಪಾಯಸದ ಬಣ್ಣ ಹೇಗಿದ್ದರೂ ಆದೀತು, ಸೌಟು ತಿರುಗಿಸಲು ಸಿಗಬೇಕು. ಗಡಿಯಾಚೆ ಮಹಾರಾಷ್ಟ್ರದ ಸಾವಂತವಾಡಿಯಲ್ಲಿ ಮಾಡುವ ಬಣ್ಣದ ಮರದ ಹಣ್ಣು-ತರಕಾರಿಗಳನ್ನು ನೋಡಿ. ಎಷ್ಟು ಚಂದ! ಆದರೆ ಸುಲಿಯಲು ಬರುವುದಿಲ್ಲ, ಬಿಡಿಸಲು ಬರುವುದಿಲ್ಲ, ಒಳಗೆ ಬೀಜ ಇಲ್ಲ. ನಾಲ್ಕು ದಿನಕ್ಕೆ ಷೋಕೇಸ್ ಸೇರುತ್ತವೆ. ಫೆಲ್ಟು ಗೆಲ್ಲುವುದು ಇಲ್ಲಿ: ಅದಕ್ಕೆ ಸಿಪ್ಪೆ ಹಾಕಬಹುದು, ಹೊಟ್ಟೆಯೊಳಗೆ ಚೀಲ ಇಡಬಹುದು, ಮಡಚಬಹುದು, ಎರಡು ಹೋಳು ಮಾಡಿ ಮತ್ತೆ ಅಂಟಿಸಬಹುದು. ಹಾಗಾಗಿ ನಮೂನೆ ಬರೆಯುವ ಮೊದಲು ಅಡುಗೆಮನೆಯಲ್ಲಿ ಆ ಪದಾರ್ಥಕ್ಕೆ ದೊಡ್ಡವರ ಕೈ ಏನು ಮಾಡುತ್ತದೆ ಎಂದು ನೋಡಿಕೊಳ್ಳಿ. ಹೊಲಿಯಬೇಕಾದದ್ದು ಅದನ್ನು.

ಬಟ್ಟೆಯ ಮಾತು ಮೊದಲು. ಫೆಲ್ಟು ನೇಯ್ದದ್ದಲ್ಲ, ಎಳೆಗಳನ್ನು ಒತ್ತಿ ಹೆಣೆದುಕೊಳ್ಳುವಂತೆ ಮಾಡಿದ್ದು. ಹಾಗಾಗಿ ಕತ್ತರಿಸಿದ ಅಂಚಿನಲ್ಲಿ ದಾರ ಬಿಚ್ಚುವುದಿಲ್ಲ, ಅಂಚು ಮಡಚಿ ಹೊಲಿಯುವ ತಾಪತ್ರಯವೂ ಇಲ್ಲ. ಅದೇ ಗುಣ ಅದರ ದೌರ್ಬಲ್ಯವೂ ಹೌದು. ನೇಯ್ಗೆ ಇಲ್ಲದ್ದರಿಂದ ಅಂಚಿಗೆ ತೀರ ಹತ್ತಿರ, ಅಂದರೆ 1 ಮಿ.ಮೀ. ಒಳಗೆ ಸೂಜಿ ಚುಚ್ಚಿದರೆ ಹೊಲಿಗೆ ಬಟ್ಟೆಯನ್ನೇ ಹರಿದುಕೊಂಡು ಹೊರಬರುತ್ತದೆ. ಅಂಚಿನಿಂದ 2ರಿಂದ 3 ಮಿ.ಮೀ. ಒಳಗೆ ಚುಚ್ಚಿ. ಎರಡು ಹೊಲಿಗೆಗಳ ನಡುವೆ ಅಂತರವೂ 3 ಮಿ.ಮೀ. ಇರಲಿ.

ಪೇಟೆಯ ಸ್ಟೇಷನರಿ ಅಂಗಡಿಗಳಲ್ಲಿ ಎ4 ಅಳತೆಯ ಹಾಳೆಗಳು ಸಿಗುತ್ತವೆ, ದಪ್ಪ ಸಾಮಾನ್ಯವಾಗಿ 1 ಮಿ.ಮೀ., ಬಹುಪಾಲು ಪಾಲಿಯೆಸ್ಟರ್. ಅದರಲ್ಲೂ ಮೆತ್ತನೆಯದು, ಗಡುಸಾದದ್ದು ಎಂದು ಎರಡು ಬಗೆ. ಗಡುಸು ಬರುವುದು ಅಂಟಿನಿಂದ. ಒಂದು ಸಲ ತೊಳೆದರೆ ಅದು ಸೋತ ಹಪ್ಪಳದ ಹಾಗೆ ಆಗುತ್ತದೆ. ಮೆತ್ತನೆಯದನ್ನೇ ತನ್ನಿ. ಕೊಳ್ಳುವಾಗ ಎರಡು ಪರೀಕ್ಷೆ ಸಾಕು. ಹಾಳೆಯನ್ನು ಬೆಳಕಿಗೆ ಹಿಡಿದಾಗ ಮೋಡದ ಹಾಗೆ ತೆಳು-ದಪ್ಪ ಕಂಡರೆ ಬೇಡ, ತೆಳುವಾದ ಕಡೆ ಹೊಲಿಗೆ ನಿಲ್ಲುವುದಿಲ್ಲ. ಮನೆಗೆ ತಂದ ಮೇಲೆ ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ. ಕೆಂಪು, ಕಪ್ಪು, ಕಡು ಹಸಿರುಗಳು ಬಣ್ಣ ಬಿಟ್ಟರೆ ಅವನ್ನು ಬಿಳಿಯ ಜೊತೆ ಹೊಲಿಯಬೇಡಿ.

ಉಣ್ಣೆಯ ಫೆಲ್ಟು ಇನ್ನೂ ಚಂದ, ಅದರ ಅಂಚು ಚಾಕುವಿನಿಂದ ಕೊಯ್ದ ಹಾಗೆ ನಿಲ್ಲುತ್ತದೆ. ಆದರೆ ವರ್ಷಕ್ಕೆ 3000 ಮಿ.ಮೀ. ಆಸುಪಾಸು ಮಳೆ ಸುರಿಯುವ ಈ ಕರಾವಳಿಯಲ್ಲಿ ಅದನ್ನು ಕಾಪಾಡುವುದು ಕಷ್ಟ. ಮುಗ್ಗಲು ವಾಸನೆ ಹಿಡಿಯುತ್ತದೆ, ಹುಳ ತಿನ್ನುತ್ತದೆ. ಮಕ್ಕಳ ಸಾಮಾನಿನ ಮಧ್ಯೆ ನುಸಿಗುಳಿಗೆ ಇಡುವ ಹಾಗಿಲ್ಲ. ಬಿಸಿನೀರಿಗೆ ಹಾಕಿದರಂತೂ ಕುಗ್ಗಿಹೋಗುತ್ತದೆ. ಶಿರಸಿ ಕಡೆಯ ಹಳೆ ಕಂಬಳಿಯ ತುಂಡುಗಳನ್ನು ಒಂದೇ ಒಂದು ಕೆಲಸಕ್ಕೆ ಶಿಫಾರಸು ಮಾಡಬಹುದು: ಸುವರ್ಣಗಡ್ಡೆಯ ಸಿಪ್ಪೆಗೆ. ಆ ಕಂದು, ಆ ಒರಟು ಬೇರೆ ಯಾವುದರಲ್ಲೂ ಬರುವುದಿಲ್ಲ. ಕಂಬಳಿ ನೇಯ್ದದ್ದಾದ್ದರಿಂದ ಅದರ ಅಂಚು ಮಾತ್ರ ಮಡಚಲೇಬೇಕು.

ಒಳಗೆ ತುಂಬಲು ದಿಂಬಿಗೆ ಹಾಕುವ ಫೈಬರ್ ಹತ್ತಿ, ಅಂಗಡಿಯಲ್ಲಿ ರೆಕ್ರಾನ್ ಎಂದು ಕೇಳಿದರೆ ಕೊಡುತ್ತಾರೆ. ಬೂರುಗದ ಹತ್ತಿ ಮನೆಯಲ್ಲೇ ಇದೆಯಲ್ಲ ಎಂದು ಆಸೆಪಡಬೇಡಿ. ಅದು ನೀರು ಕುಡಿದರೆ ಉಂಡೆಗಟ್ಟುತ್ತದೆ, ಒಣಗುವಷ್ಟರಲ್ಲಿ ಬೂಸಲು ಬಂದಿರುತ್ತದೆ. ಭಾರ ಬರಲಿ ಎಂದು ಅಕ್ಕಿ, ಹೆಸರುಕಾಳು ತುಂಬುವವರೂ ಇದ್ದಾರೆ. ಒಣಗಿದ್ದರೆ ಹುಳ, ನೆನೆದರೆ ಮೊಳಕೆ. ಭಾರ ಬೇಕೇ ಬೇಕಾದರೆ ಕತ್ತರಿಸಿ ಉಳಿದ ಫೆಲ್ಟ್ ಚೂರುಗಳನ್ನು ಸಣ್ಣಗೆ ಹೆಚ್ಚಿ ನಡುವೆ ಇಟ್ಟು, ಸುತ್ತ ಫೈಬರ್ ತುಂಬಿ. ಬರೀ ಚೂರನ್ನೇ ತುಂಬಿದರೆ ಹೊರಗಿನಿಂದ ಗಂಟುಗಂಟಾಗಿ ಕಾಣುತ್ತದೆ.

ದಾರ ಆರೆಳೆಯ ಕಸೂತಿ ದಾರ. ಆರೂ ಎಳೆ ಬೇಡ, 1 ಮಿ.ಮೀ. ಫೆಲ್ಟಿಗೆ ಎರಡು, 2 ಮಿ.ಮೀ.ಗೆ ಮೂರು. ಒಂದು ಸಲಕ್ಕೆ ಒಂದು ಮೊಳದಷ್ಟೇ ತೆಗೆದುಕೊಳ್ಳಿ. ಉದ್ದ ದಾರ ಪ್ರತಿ ಸಲ ಬಟ್ಟೆಯೊಳಗೆ ಹಾದು ಜುಂಗೆದ್ದು, ಕೊನೆಯ ಗೇಣಿನಲ್ಲಿ ಕಡಿಯುತ್ತದೆ. ಫೆಲ್ಟಿಗೆಂದೇ ಒಂದು ಕತ್ತರಿ ಬೇರೆ ಇಡಿ. ಕಾಗದ ಕತ್ತರಿಸಿ ಮೊಂಡಾದ ಕತ್ತರಿ ಫೆಲ್ಟನ್ನು ಕತ್ತರಿಸುವುದಿಲ್ಲ, ಜಗಿಯುತ್ತದೆ. ಪಿನ್ನು ಚುಚ್ಚಿ ನಮೂನೆ ಹಿಡಿಸಿದರೆ ಬಟ್ಟೆ ಉಬ್ಬಿ ಅಳತೆ ತಪ್ಪುತ್ತದೆ. ಕಾಗದದ ನಮೂನೆಯನ್ನು ಸೆಲ್ಲೋಟೇಪಿನಿಂದ ಅಂಟಿಸಿ, ಟೇಪಿನ ಸಮೇತ ಕತ್ತರಿಸಿ, ಆಮೇಲೆ ಕೀಳುವುದು ಒಳ್ಳೆಯದು.

ಈಗ ಬಂಗಡೆ. ಉದ್ದ 18 ಸೆಂ.ಮೀ., ಅತಿ ಅಗಲವಾದ ಕಡೆ 5 ಸೆಂ.ಮೀ. ಹೊಟ್ಟೆಗೆ ತಿಳಿ ಬೂದು ಅಥವಾ ಬೆಳ್ಳಿಬಿಳಿ, ಬೆನ್ನಿಗೆ ನೀಲಿ ಬೆರೆತ ಹಸಿರು. ಎರಡೂ ಮಗ್ಗುಲಿಗೆ ಇಡೀ ಮೀನಿನ ಆಕಾರವನ್ನು ಬೂದು ಫೆಲ್ಟಿನಲ್ಲೇ ಕತ್ತರಿಸಿ, ಅದರ ಮೇಲೆ ಬೆನ್ನಿನ ಹಸಿರು ತುಂಡನ್ನು ಹೊದಿಸಿ ಹೊಲಿಯಬೇಕು. ಹಸಿರು-ಬೂದು ಎರಡನ್ನೂ ಅಂಚಿಗೆ ಅಂಚು ಜೋಡಿಸಲು ಹೋದರೆ ಆ ಕೂಡಿಕೆಯೇ ಮೊದಲು ಬಿಡುವುದು. ಬೆನ್ನಿನ ಗೆರೆಗಳನ್ನು ಕಡು ಹಸಿರು ದಾರದ ಎರಡೆಳೆಯಲ್ಲಿ ಬ್ಯಾಕ್ ಸ್ಟಿಚ್ ಹಾಕಿ, ಮೂರೋ ನಾಲ್ಕೋ ಸಾಲು ಸಾಕು. ಕಣ್ಣಿಗೆ ಮಣಿ, ಗುಂಡಿ ಬೇಡ. ಬಿಳಿ ಫೆಲ್ಟಿನ ವೃತ್ತ, ಅದರ ಮೇಲೆ ಕಪ್ಪು ದಾರದಲ್ಲಿ ತುಂಬು ಹೊಲಿಗೆ. ಎದೆಯ ರೆಕ್ಕೆ ಬುಡದಲ್ಲಿ ಮಾತ್ರ ಹಿಡಿದಿರಲಿ, ತುದಿ ಆಡಲಿ, ಅದರ ಕೆಳ ಅಂಚಿನ ಹತ್ತಿರ ಮೈಮೇಲೆ ಆ ಕಪ್ಪು ಚುಕ್ಕೆ. ಇದಿಷ್ಟೂ ಎರಡು ಮಗ್ಗುಲು ಕೂಡಿಸುವ ಮೊದಲೇ ಮುಗಿಯಬೇಕು. ತುಂಬಿದ ಮೀನಿನ ಮೇಲೆ ಕಸೂತಿ ಮಾಡಲು ಹೋದವರ ಗೆರೆ ಗುಳಿಬಿದ್ದು ಮೀನು ಬಡಕಲಾಗುತ್ತದೆ.

ರೆಕ್ಕೆಚೂರುಗಳನ್ನು ಒಂದೊಂದಾಗಿ ಕತ್ತರಿಸಿ ಹೊಲಿಯುವುದು ಮೂರ್ಖತನ. 4 ಸೆಂ.ಮೀ. ಉದ್ದದ ಪಟ್ಟಿಯ ಒಂದು ಅಂಚನ್ನು ಗರಗಸದ ಹಲ್ಲಿನ ಹಾಗೆ ಐದು ಸಲ ಕತ್ತರಿಸಿ, ಕೂಡಿಕೆಯ ನಡುವೆ ಸಿಕ್ಕಿಸಿ. ಮೇಲೊಂದು, ಕೆಳಗೊಂದು. ಬಾಲವೂ ಹಾಗೆಯೇ ನಡುವೆ ಸಿಕ್ಕಬೇಕು. ಮಕ್ಕಳು ಮೀನನ್ನು ಎತ್ತುವುದು ಬಾಲ ಹಿಡಿದೇ, ಮೀನುಪೇಟೆಯಲ್ಲಿ ನೋಡಿದ್ದು ಹಾಗೆ. ಹಾಗಾಗಿ ಬಾಲದ ಬುಡ ಕನಿಷ್ಠ 1 ಸೆಂ.ಮೀ. ದೇಹದೊಳಗೆ ಹೋಗಿರಲಿ, ಅಲ್ಲಿ ಎರಡು ಸಾಲು ಹೊಲಿಗೆ ಬೀಳಲಿ.

ಇನ್ನು ಹೊಟ್ಟೆ. ಬಂಗಡೆಗೆ ಕೈ ಮಾಡುವ ಮೊದಲ ಕೆಲಸವೇ ಹೊಟ್ಟೆ ಸೀಳಿ ತೆಗೆಯುವುದು. ಅದಕ್ಕೆ ಕೆಳಗಿನ ಕೂಡಿಕೆಯಲ್ಲಿ 7 ಸೆಂ.ಮೀ. ಹೊಲಿಯದೆ ಬಿಡಿ. ತೆಳು ಹತ್ತಿ ಬಟ್ಟೆಯಲ್ಲಿ ಅಷ್ಟೇ ಬಾಯಿಯ, 3 ಸೆಂ.ಮೀ. ಆಳದ ಚೀಲ ಹೊಲಿದು, ಅದರ ಬಾಯಿಯನ್ನು ಆ ಸೀಳಿನ ಎರಡೂ ತುಟಿಗೆ ಕೂಡಿಸಿ. ತುಂಬುವ ಬಾಯಿ ಆಗ ಬೆನ್ನಿನಲ್ಲಿರಬೇಕು, ಕೊನೆಗೆ ಮುಚ್ಚುವುದು ಬೆನ್ನು. ಈ ಕ್ರಮ ತಪ್ಪಿದರೆ ಹತ್ತಿಯೆಲ್ಲ ಚೀಲದ ಬದಿಯಿಂದ ಹೊರಬರುತ್ತದೆ. ಚೀಲದೊಳಗೆ ಇಡಲು ಕಿತ್ತಳೆ ಬಣ್ಣದ ಗಾಬೋಳಿ (ಮೀನಿನ ಮೊಟ್ಟೆಯ ಗಟ್ಟಿ), ಎರಡು ಹೋಳು ಜೋಡಿಸಿದ್ದು, ಉದ್ದ 7 ಸೆಂ.ಮೀ. ಅದನ್ನು ಎಳೆದು ತೆಗೆಯುವುದಕ್ಕೆಂದೇ ಮಕ್ಕಳು ಈ ಮೀನನ್ನು ಮತ್ತೆ ಮತ್ತೆ ಕೇಳುತ್ತಾರೆ. ಚೀಲ ಬೇಡ, ಬರೀ ಉಬ್ಬಿದ ಮೀನು ಸಾಕು ಎನ್ನುವವರು ಹೊಟ್ಟೆಯ ಕೂಡಿಕೆಯಲ್ಲಿ 12 ಸೆಂ.ಮೀ. ಉದ್ದ, ನಡುವೆ 2 ಸೆಂ.ಮೀ. ಅಗಲದ, ಮಾವಿನೆಲೆಯ ಆಕಾರದ ಪಟ್ಟಿ ಸೇರಿಸಿ. ಅದಿಲ್ಲದ ಮೀನು ಲಕೋಟೆಯ ಹಾಗೆ ಚಪ್ಪಟೆ.

ಮಸಾಲೆ ಹಚ್ಚುವುದಕ್ಕೊಂದು ಉಪಾಯ ಇದೆ. ಮೀನಿಗೆ ಹಾಕಿ ತೆಗೆಯುವ ಕೆಂಪು ಫೆಲ್ಟಿನ ಚೀಲ, ತಲೆ-ಬಾಲ ಹೊರಗೆ ಉಳಿಯುವಂತೆ ಎರಡೂ ಕಡೆ ತೆರೆದದ್ದು. ಒಂದು ಮಗ್ಗುಲು ಬರೀ ಕೆಂಪು, ಇನ್ನೊಂದು ಮಗ್ಗುಲಿಗೆ ತಿಳಿಹಳದಿ ದಾರದ ಫ್ರೆಂಚ್ ನಾಟ್, ಅಂದರೆ ಪುಟ್ಟ ಗಂಟಿನ ಹೊಲಿಗೆ, ಅದು ರವೆ. ಹಸಿ ಮೀನು, ಮಸಾಲೆ ಮೀನು, ಹುರಿದ ಮೀನು, ಮೂರೂ ಒಂದರಲ್ಲೇ ಆಯಿತು. ಚೀಲವನ್ನು ಮೀನಿನ ಸುತ್ತಳತೆಗಿಂತ 1.5 ಸೆಂ.ಮೀ. ಸಡಿಲ ಮಾಡಿ. ಫೆಲ್ಟು ಫೆಲ್ಟಿಗೆ ಕಚ್ಚಿಕೊಳ್ಳುತ್ತದೆ, ಸರಿಯಾದ ಅಳತೆಗೆ ಹೊಲಿದರೆ ಮಗುವಿನ ಕೈಗೆ ಜಾರುವುದಿಲ್ಲ.

ತರಕಾರಿಯ ವಿಷಯದಲ್ಲಿ ಹೊರಗಿನ ನಮೂನೆಗಳು ಇನ್ನೊಂದು ಕಡೆ ಎಡವಿಸುತ್ತವೆ. ಅವೆಲ್ಲ ಹಲಗೆಯ ಮೇಲೆ ತರಕಾರಿ ಇಟ್ಟು ಮೇಲಿಂದ ಚಾಕು ಒತ್ತುವ ಅಡುಗೆಮನೆಗೆ ಮಾಡಿದವು. ನಮ್ಮ ಮೆಟ್ಟುಗತ್ತಿಯಲ್ಲಿ (ಈಳಿಗೆಮಣೆಯಲ್ಲಿ) ಕತ್ತಿ ನಿಂತಿರುತ್ತದೆ, ತರಕಾರಿ ಚಲಿಸುತ್ತದೆ, ಎರಡೂ ಕೈ ತರಕಾರಿಯ ಮೇಲಿರುತ್ತವೆ. ಆಟದ ಮೆಟ್ಟುಗತ್ತಿಗೆ ಐಸ್‌ಕ್ರೀಮ್ ಡಬ್ಬಿಯ ಮುಚ್ಚಳವನ್ನು ಬಾಗಿದ ಅಲಗಿನ ಆಕಾರಕ್ಕೆ ಕತ್ತರಿಸಿ, ಮೂಲೆಗಳನ್ನು ಗುಂಡಗೆ ಮಾಡಿ, ಬೂದು ಫೆಲ್ಟಿನ ಎರಡು ಪದರದ ನಡುವೆ ಇಟ್ಟು ಸುತ್ತ ಹೊಲಿಯಿರಿ. ರಟ್ಟು ಹಾಕಬೇಡಿ, ಮೊದಲ ತೊಳೆತಕ್ಕೆ ಅದು ಮುದ್ದೆಯಾಗುತ್ತದೆ. ಈ ಅಲಗನ್ನು 20 ಸೆಂ.ಮೀ. ಉದ್ದದ, ಗಟ್ಟಿಯಾಗಿ ತುಂಬಿದ ಕಂದು ಮಣೆಯ ತಲೆಗೆ ನಿಲ್ಲಿಸಿ ಹೊಲಿದರೆ ಮೆಟ್ಟುಗತ್ತಿ ಸಿದ್ಧ.

ಸೌತೆಕಾಯಿ, ಬದನೆಕಾಯಿಯನ್ನು ಮೂರು ತುಂಡಾಗಿ ಮಾಡಿ, ಪ್ರತಿ ಕೊಯ್ದ ಮುಖಕ್ಕೂ ವೆಲ್ಕ್ರೋ. ಚಾಕುವಿನ ಆಟಕ್ಕೆ 2 ಸೆಂ.ಮೀ. ವೆಲ್ಕ್ರೋ ಆದರೂ ನಡೆಯುತ್ತದೆ, ಮೆಟ್ಟುಗತ್ತಿಗೆ 1 ಸೆಂ.ಮೀ. ಚೌಕವೇ ಸಾಕು. ಇಲ್ಲಿ ಅಲಗು ಮೆತ್ತಗಿದೆ, ಹಿಡಿತ ಜಾಸ್ತಿಯಾದರೆ ತರಕಾರಿಯ ಬದಲು ಅಲಗು ಬಾಗುತ್ತದೆ. ಅಂಟಿರುವ ವೆಲ್ಕ್ರೋ ತರಬೇಡಿ. ಅಂಟು ಸೂಜಿಗೆ ಮೆತ್ತಿಕೊಳ್ಳುತ್ತದೆ, ಸೆಖೆಗೆ ಬಿಡುತ್ತದೆ. ಹೊಲಿಯುವಂಥದ್ದನ್ನೇ ತಂದು ನಾಲ್ಕೂ ಅಂಚು ಹೊಲಿಯಿರಿ. ಕೊಕ್ಕೆ ಇರುವ ಒರಟು ಮುಖ ಯಾವ ಫೆಲ್ಟಿಗೆ ತಾಗಿದರೂ ಅಲ್ಲಿ ಜುಂಗೆಬ್ಬಿಸುತ್ತದೆ. ಆದ್ದರಿಂದ ಆಟ ಮುಗಿದ ಮೇಲೆ ತುಂಡುಗಳನ್ನು ಜೋಡಿಸಿಯೇ ಬುಟ್ಟಿಗೆ ಹಾಕುವ ಅಭ್ಯಾಸ ಮಕ್ಕಳಿಗೆ ಆಗಬೇಕು. ಆಗುವುದಿಲ್ಲ ಎನ್ನುವುದು ಬೇರೆ ಮಾತು. ವೆಲ್ಕ್ರೋ ಬದಲು ಆಯಸ್ಕಾಂತ ಹಾಕುವ ವಿಡಿಯೋಗಳಿವೆ, ಅವನ್ನು ದೂರವಿಡಿ. ಹೊಲಿಗೆ ಬಿಚ್ಚಿ ಎರಡು ಆಯಸ್ಕಾಂತ ಮಗುವಿನ ಹೊಟ್ಟೆಗೆ ಹೋದರೆ ಅವು ಕರುಳಿನ ಗೋಡೆಗಳ ಆಚೀಚೆ ಕಚ್ಚಿಕೊಂಡು ತೂತು ಮಾಡುತ್ತವೆ.

ಮಾವಿನ ಹಣ್ಣಿಗೆ ವೆಲ್ಕ್ರೋ ಹೋಳು ಒಪ್ಪುವುದಿಲ್ಲ, ಅದನ್ನು ಸುಲಿಯಬೇಕು. ಅಂಕೋಲೆಯ ಕರಿ ಇಷಾಡ ಇದಕ್ಕೆ ಹೇಳಿ ಮಾಡಿಸಿದ್ದು. 2023ರಲ್ಲಿ ಭೌಗೋಳಿಕ ಗುರುತು ಪಡೆದ ಈ ಹಣ್ಣಿನ ಸಿಪ್ಪೆ ತೆಳು, ಬಿಳಿ ಇಷಾಡದ್ದು ದಪ್ಪ. ಒಳಗಿನ ತಿರುಳನ್ನು ಕಿತ್ತಳೆಯಲ್ಲಿ ತುಂಬಿ ಹೊಲಿದು, ಮೇಲೆ 1 ಮಿ.ಮೀ. ಹಸಿರಿನ ನಾಲ್ಕು ಎಸಳುಗಳನ್ನು ಬುಡದಲ್ಲಿ ಮಾತ್ರ ಹಿಡಿಸಿ. ತೊಟ್ಟಿನ ಕಡೆ ನಾಲ್ಕೂ ಎಸಳು ಒಂದು ಟಿಚ್ ಬಟನ್ನಿಗೆ ಬಂದು ಸೇರಲಿ. ಕಳಪೆ ಟಿಚ್ ಬಟನ್ ಬಟ್ಟೆಯಿಂದಲೇ ಕಿತ್ತು ಬರುತ್ತದೆ, ಆದ್ದರಿಂದ ಪುಟ್ಟ ಮಕ್ಕಳ ಹಣ್ಣಿಗೆ ಅಲ್ಲಿಯೂ ವೆಲ್ಕ್ರೋ ಚೂರೇ ಕ್ಷೇಮ.

ಹಲಸಿನ ತೊಳೆ ಹೊಲಿಯಲು ಎಲ್ಲಕ್ಕಿಂತ ಸುಲಭ, ಬಣ್ಣ ಆರಿಸಲು ಎಲ್ಲಕ್ಕಿಂತ ಕಷ್ಟ. ನಿಂಬೆಹಳದಿ ಹಾಕಿದರೆ ಬಾಳೆಹಣ್ಣಿನ ತುಂಡು ಅನ್ನಿಸುತ್ತದೆ. ಬಕ್ಕೆ ಹಲಸಿನ ಬಣ್ಣಕ್ಕೆ ಚಿನ್ನದ ಕಡೆ ವಾಲುವ ಹಳದಿ ಬೇಕು, 2 ಮಿ.ಮೀ. ದಪ್ಪದ್ದು, ಏಕೆಂದರೆ ಬಕ್ಕೆಯ ತೊಳೆ ಮುರಿದರೆ ಸದ್ದಾಗುವಷ್ಟು ಗಟ್ಟಿ. 9 ಸೆಂ.ಮೀ. ಉದ್ದ, 7 ಸೆಂ.ಮೀ. ಅಗಲದ ಬಾದಾಮಿ ಆಕಾರ ಕತ್ತರಿಸಿ, ಉದ್ದಕ್ಕೆ ಮಡಚಿ, ಮೇಲಿನ ಅರ್ಧ ಹೊಲಿದು ಕೆಳಗಿನ ಅರ್ಧ ಬಾಯಿ ಬಿಡಿ. ಒಳಗೆ ಬೇಳೆ. ತಿಳಿಕಂದು, 4 ಸೆಂ.ಮೀ. ಮೂರು ವರ್ಷದೊಳಗಿನ ಮಗುವಿದ್ದರೆ ಆ ಬೇಳೆಯನ್ನು ಒಳಗೇ ಗಟ್ಟಿಯಾಗಿ ಹೊಲಿದುಬಿಡಿ. ಕಾರಣ ಮುಂದೆ ಹೇಳಿದೆ. ಹತ್ತು ತೊಳೆ, ಬಿಳಿ-ಹಳದಿ ಫೆಲ್ಟಿನ ಸಪೂರ ಪಟ್ಟಿಗಳ ನಾರು, ಹೊರಗೆ ಹಸಿರು ಬಟ್ಟಲಿನಂಥ ಸಿಪ್ಪೆ. ಬಿಡಿಸುವ ಕೆಲಸಕ್ಕೆ ಎರಡು ಮಕ್ಕಳು ಅರ್ಧ ಗಂಟೆ ಕೂರುತ್ತಾರೆ. ಮೇಣ ಮಾತ್ರ ಇಲ್ಲ, ಅದಕ್ಕೆ ದೊಡ್ಡವರು ಖುಷಿಪಡಬಹುದು.

ಕುಮಟಾದ ಹೆದ್ದಾರಿ ಬದಿಯಲ್ಲಿ ತೂಗುಹಾಕುವ ಸಿಹಿ ಈರುಳ್ಳಿ ಗೊಂಚಲಿನಲ್ಲಿ ಒಂದು ಲೆಕ್ಕ ಅಡಗಿದೆ. ಎರಡು ವೃತ್ತ ಹೊಲಿದು ತುಂಬಿದರೆ ಅದು ದಿಂಬು, ಈರುಳ್ಳಿಯಲ್ಲ. ಗುಂಡಗಾಗಲು ಆರು ಎಸಳು ಬೇಕು. ಎಸಳಿನ ಉದ್ದ ಸುತ್ತಳತೆಯ ಅರ್ಧ, ಅಗಲ ಸುತ್ತಳತೆಯ ಆರನೇ ಒಂದು ಪಾಲು. 5 ಸೆಂ.ಮೀ. ಅಡ್ಡಳತೆಯ ಈರುಳ್ಳಿಗೆ ಸುತ್ತಳತೆ 15.7, ಹಾಗಾಗಿ ಎಸಳು 7.9 ಉದ್ದ, 2.6 ಅಗಲ. ಅಂಚಿಗೆ ಅಂಚು ಸುತ್ತುಹೊಲಿಗೆ ಹಾಕುವುದರಿಂದ ಹೊಲಿಗೆಗೆಂದು ಹೆಚ್ಚಿಗೆ ಬಿಡುವುದು ಬೇಡ. ಕೊನೆಯ ಕೂಡಿಕೆಯಲ್ಲಿ 3 ಸೆಂ.ಮೀ. ಬಿಟ್ಟು ತುಂಬಿ, ಚಿಟಿಕೆ ಚಿಟಿಕೆಯಾಗಿ, ಪೆನ್ಸಿಲ್ಲಿನ ಮೊಂಡು ತುದಿಯಿಂದ ಮೊದಲು ಅಂಚುಗಳಿಗೆ ದೂಡಿ. ಒಂದೇ ಮುಷ್ಟಿ ತುರುಕಿದರೆ ನಡುವೆ ಗಡ್ಡೆ, ಸುತ್ತ ಸುಕ್ಕು. ಹೊಲಿಗೆಗಳ ನಡುವೆ ಬಿಳಿ ಇಣುಕತೊಡಗಿದರೆ ಹೆಚ್ಚಾಯಿತು ಎಂದು ಅರ್ಥ. ಕೊನೆಗೆ ಉದ್ದ ಸೂಜಿಯಲ್ಲಿ ತಲೆಯಿಂದ ಬುಡಕ್ಕೆ ದಾರ ಹಾಯಿಸಿ ಎಳೆದು ಗಂಟು ಹಾಕಿ, ಈರುಳ್ಳಿಗೆ ಬೇಕಾದ ಚಪ್ಪಟೆ ಬರುತ್ತದೆ. ಒಣ ಎಲೆಗೆ ಒಣಹುಲ್ಲಿನ ಬಣ್ಣದ 1 ಸೆಂ.ಮೀ. ಪಟ್ಟಿಗಳ ಜಡೆ. ಹೆಣೆದ ಜಡೆ 20 ಸೆಂ.ಮೀ. ಮೀರದಿರಲಿ, ಉದ್ದದ ಜಡೆ ಮಗುವಿನ ಕುತ್ತಿಗೆಗೆ ಸುತ್ತಿಕೊಳ್ಳಬಹುದು. ನಿಜವಾದ ಗೊಂಚಲಿನ ಉದ್ದ ಬೇಕೆಂದರೆ ಗೋಡೆಯಲ್ಲಿ ಎತ್ತರದಲ್ಲಿ ತೂಗುಹಾಕುವುದಕ್ಕೆ ಮಾತ್ರ.

ಫೆಲ್ಟಿಗೆ ಒಗ್ಗದ ತಿನಿಸೂ ಇದೆ. ಮಡಕೆಯ ಬೆನ್ನ ಮೇಲೆ ಕಾಗದದಷ್ಟು ತೆಳ್ಳಗೆ ಎರೆದು ಮಡಚುವ ತೊಡದೇವನ್ನು ಫೆಲ್ಟಿನಲ್ಲಿ ಮಾಡಿದರೆ ಅದು ಚಪಾತಿ. ಹಳೆಯ ತೆಳು ಪಂಚೆಯ ತುಂಡನ್ನು ಚಹಾ ಡಿಕಾಕ್ಷನ್ನಿನಲ್ಲಿ ಅರ್ಧ ಗಂಟೆ ನೆನೆಸಿ, ಗಂಜಿ ಹಾಕಿ ಇಸ್ತ್ರಿ ಮಾಡಿ ಮಡಚಿ. ಹತ್ತಿಗೆ ಚಹಾದ ಬಣ್ಣ ಹಿಡಿಯುತ್ತದೆ, ಪಾಲಿಯೆಸ್ಟರ್ ಫೆಲ್ಟಿಗೆ ಹಿಡಿಯುವುದಿಲ್ಲ. ದೋಸೆಗೆ ಚಹಾದಲ್ಲಿ ಕಂದುಬಣ್ಣ ಕೊಡಲು ಹೋದವರ ಫೆಲ್ಟು ಬೆಳ್ಳಗೇ ಇರುವುದು ಇದಕ್ಕೇ. ದೋಸೆಯ ಕಂದನ್ನು ದಾರದಲ್ಲೇ ತರಬೇಕು, ಚಿಕ್ಕ ಚಿಕ್ಕ ಹೊಲಿಗೆಗಳನ್ನು ನಡುವೆ ಒತ್ತಾಗಿ, ಅಂಚಿಗೆ ವಿರಳವಾಗಿ ಚೆಲ್ಲಿ.

ಬಾಳೆಎಲೆ ಬಿಟ್ಟು ಬೇರೆ ತಟ್ಟೆ ಬೇಡ. 30 ಸೆಂ.ಮೀ. ಉದ್ದ, 18 ಸೆಂ.ಮೀ. ಅಗಲ, ಎರಡು ಪದರ, ಮೇಲೆ ಕಡು ಹಸಿರು, ಕೆಳಗೆ ತಿಳಿ. ಎರಡನ್ನೂ ಹಿಡಿದಿಡುವುದು ನರಗಳ ರನ್ನಿಂಗ್ ಸ್ಟಿಚ್. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ಧಿ ಹೆಂಗಸರು ಕವಂದಿ (ಹಳೆ ಬಟ್ಟೆಯ ತುಂಡುಗಳ ಹೊದಿಕೆ) ಹೊಲಿಯುವಾಗ ಅಂಚಿನಿಂದ ಶುರುಮಾಡಿ ನಡುವಿಗೆ ಬರುತ್ತಾರೆ. ಎಲೆಗೆ ಅದರ ತಿರುಗುಮುರುಗು: ನಡುದಂಟಿನಿಂದ ಹೊರಟು ಅಂಚಿಗೆ. ಅಂಚಿನಿಂದ ಬಂದರೆ ಮೇಲಿನ ಪದರ ದಂಟಿನ ಹತ್ತಿರ ಗುಡ್ಡೆಯಾಗಿ ನಿಲ್ಲುತ್ತದೆ. ಅಪ್ಪೆಮಿಡಿಯಂಥ ಪುಟ್ಟ ಪದಾರ್ಥವನ್ನು ಬಿಡಿಯಾಗಿ ಮಾಡದೆ, ಎಲೆಯ ಮೇಲ್ಭಾಗದಲ್ಲಿ ಅದು ಬೀಳುವ ಜಾಗದಲ್ಲೇ ಹೊಲಿದುಬಿಡಿ. ಎಲೆಯ ತುದಿ ಉಣ್ಣುವವರ ಎಡಕ್ಕೆ ಬರಬೇಕೆಂಬುದೂ ಆಗ ಮಕ್ಕಳಿಗೆ ತಾನಾಗಿ ತಿಳಿಯುತ್ತದೆ.

ಪುಟ್ಟದ್ದು ಏಕೆ ಬೇಡ ಎಂದರೆ, ಆಟಿಕೆ ಸುರಕ್ಷತೆಯಲ್ಲಿ ಮೂರು ವರ್ಷದೊಳಗಿನವರಿಗೆ ಬಳಸುವ ಒಂದು ಅಳತೆಕೊಳವೆ ಇದೆ. ಅಡ್ಡಳತೆ 31.7 ಮಿ.ಮೀ., ಓರೆಯಾದ ತಳದಿಂದಾಗಿ ಆಳ ಒಂದು ಕಡೆ 25, ಇನ್ನೊಂದು ಕಡೆ 57 ಮಿ.ಮೀ. ಅದರೊಳಗೆ ಪೂರ್ತಿ ಮುಳುಗುವ ಯಾವ ಚೂರೂ ಗಂಟಲಿಗೆ ಸಿಕ್ಕಬಹುದಾದ ಚೂರು. ದಪ್ಪ ಕಾಗದವನ್ನು ಆ ಅಡ್ಡಳತೆಗೆ ಸುರುಳಿ ಸುತ್ತಿ ಮನೆಯಲ್ಲೇ ನೋಡಬಹುದು. ಫೆಲ್ಟು ಮೆತ್ತಗಿರುವುದರಿಂದ ಒತ್ತಿಯೂ ನೋಡಿ. ಆಮೇಲೆ ಪ್ರತಿ ರೆಕ್ಕೆ, ಪ್ರತಿ ತೊಟ್ಟನ್ನೂ ಬಲವಾಗಿ ಎಳೆದು ನೋಡಿ. ಬಿಸಿ ಅಂಟಿನ ಗನ್ನಿನಿಂದ ಅಂಟಿಸಿದ್ದೆಲ್ಲ ಈ ಎಳೆತದಲ್ಲೇ ಸಿಕ್ಕಿಬೀಳುತ್ತದೆ.

ಚಂದ ಬಂತು, ಮಾರೋಣ ಎಂದು ಅನ್ನಿಸಿದರೆ ಒಂದು ವಿಷಯ ತಿಳಿದಿರಲಿ. 2021ರ ಜನವರಿ 1ರಿಂದ 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿಸಿದ ಕುಶಲಕರ್ಮಿಗಳು ತಾವೇ ಮಾಡಿ ಮಾರುವ ಆಟಿಕೆಗಳಿಗೆ ವಿನಾಯಿತಿ ಇದೆ. ಮನೆಯ ಮಕ್ಕಳಿಗೆ, ನೆಂಟರ ಮಕ್ಕಳಿಗೆ ಹೊಲಿದುಕೊಡುವುದಕ್ಕೆ ಇದ್ಯಾವುದೂ ಬೇಕಿಲ್ಲ.

ತೊಳೆಯುವ ಕೆಲಸ ಮೇ ತಿಂಗಳೊಳಗೆ ಮುಗಿಯಲಿ. ತಣ್ಣೀರು, ಸ್ವಲ್ಪ ಶಾಂಪೂ, ಹಿಂಡದೆ ಟವೆಲಿನಲ್ಲಿ ಸುತ್ತಿ ಒತ್ತುವುದು, ಆಮೇಲೆ ನೆರಳಿನಲ್ಲಿ ಗಾಳಿಗೆ. ಬಿಸಿಲಿಗೆ ಹಾಕಿದರೆ ಕೆಂಪು ಮೊದಲು ಮಾಸುತ್ತದೆ. ಮಳೆಗಾಲದಲ್ಲಿ ಮೀನಿನಂಥ ತುಂಬಿದ ಸಾಮಾನು ಒದ್ದೆಯಾದರೆ ಹೊರಗೆ ಒಣಗಿದಂತೆ ಕಂಡರೂ ಒಳಗೆ ಮೂರು ದಿನ ತೇವ ಇರುತ್ತದೆ. ಆಗ ಬೆನ್ನಿನ ಕೂಡಿಕೆ ಬಿಚ್ಚಿ, ಫೈಬರ್ ಹೊರತೆಗೆದು, ಎರಡನ್ನೂ ಬೇರೆ ಬೇರೆಯಾಗಿ ಫ್ಯಾನಿನ ಕೆಳಗೆ ಹರಡುವುದೇ ಸರಿ. ಬೆನ್ನನ್ನು ಕೊನೆಗೆ ಮುಚ್ಚಲು ಹೇಳಿದ್ದು ಅದಕ್ಕೂ ಹೌದು. ಆ ಒಂದು ಕೂಡಿಕೆಯನ್ನು ಬೇರೆ ಬಣ್ಣದ ದಾರದಲ್ಲಿ ಹೊಲಿದಿಟ್ಟರೆ, ಜುಲೈ ತಿಂಗಳ ಮಬ್ಬು ಬೆಳಕಿನಲ್ಲಿ ಎಲ್ಲಿ ಬಿಚ್ಚಬೇಕೆಂದು ಹುಡುಕಬೇಕಾಗುವುದಿಲ್ಲ.